ನಿಮಗಿದು ಗೊತ್ತೇ? ಸೈಕಲ್ ಸೀಟಿನ ಮೂತಿ ಎತ್ತ ನೋಡಬೇಕು!

ಸೀಟು ಎತ್ತರವಾಯಿತೋ ತಗ್ಗಾಯಿತೋ ಎಂದು ಎಲ್ಲರೂ ನೋಡುತ್ತಾರೆ. ಅದರ ಮೂತಿ ಮೇಲೆದ್ದಿದೆಯೋ ಕೆಳಗೆ ಬಾಗಿದೆಯೋ ಎಂದು ನೋಡುವವರು ಅಪರೂಪ. ಆದರೆ ದೂರದ ಸವಾರಿಯಲ್ಲಿ ಕಾಡುವ ಎಷ್ಟೋ ತಾಪತ್ರಯಗಳ ಬೇರು ಅಲ್ಲೇ ಇರುತ್ತದೆ.

● ನಮ್ಮ ಭಾರ ಬೀಳಬೇಕಾದದ್ದು ಸೀಟಿನ ಹಿಂಬದಿಯ ಅಗಲ ಭಾಗದಲ್ಲಿ, ಸೊಂಟದ ಗೂಡಿನ ತಳದ ಎರಡು ಮೂಳೆಗಳ ಮೇಲೆ. ಮೂತಿ ಮೇಲೆದ್ದರೆ ಆ ಭಾರ ತೊಡೆಸಂದಿನ ನರ, ರಕ್ತನಾಳಗಳನ್ನು ಒತ್ತುತ್ತದೆ, ಜೋಮು ಹಿಡಿಯುತ್ತದೆ. ಮೂತಿ ಅತಿಯಾಗಿ ಬಾಗಿದರೆ ಸವಾರ ಮುಂದಕ್ಕೆ ಜಾರುತ್ತಾನೆ, ಅವನನ್ನು ತಡೆದು ನಿಲ್ಲಿಸುವ ಕೆಲಸ ಕೈಗಳ ಪಾಲಿಗೆ. ಅಂಗೈ ಮರಗಟ್ಟುತ್ತದೆಂದು ಹ್ಯಾಂಡಲ್‌ಗೆ ದಪ್ಪ ಗ್ರಿಪ್ ಹಾಕಿಸುವ ಮುನ್ನ ಒಮ್ಮೆ ಸೀಟು ನೋಡಿ.

● ಇಸ್ರೇಲಿನ ವೈದ್ಯರ ತಂಡವೊಂದು ಬೆನ್ನುನೋವಿದ್ದ ಹವ್ಯಾಸಿ ಸವಾರರ ಸೀಟಿನ ಮೂತಿಯನ್ನು 10ರಿಂದ 15 ಡಿಗ್ರಿ ಕೆಳಕ್ಕೆ ಬಾಗಿಸಿ ನೋಡಿತು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಶೇ 70ಕ್ಕೂ ಹೆಚ್ಚು ಮಂದಿಗೆ ನೋವು ಕಡಿಮೆಯಾಗಿತ್ತು.

● ಅಷ್ಟು ಬಾಗಿಸಿದ ಸೀಟು ಹೊತ್ತು ದೊಡ್ಡ ರೇಸಿಗೆ ಹೋದರೆ ಮಾತ್ರ ತೀರ್ಪುಗಾರರು ಒಳಗೇ ಬಿಡುವುದಿಲ್ಲ! ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲಿ ಸೀಟಿನ ಓರೆಗೆ ಮಿತಿ 9 ಡಿಗ್ರಿ. ಅದೂ ಸಡಿಲಿಸಿದ ಮೇಲೆ. ಮೊದಲು ಸೀಟು ಬಹುತೇಕ ಮಟ್ಟವಾಗಿಯೇ ಇರಬೇಕಿತ್ತು. ಸೀಟಿನ ಉದ್ದಕ್ಕೂ ಲೆಕ್ಕವಿದೆ: 24ರಿಂದ 30 ಸೆಂಟಿಮೀಟರ್.

● ಕಡಿದಾದ ಬೆಟ್ಟ ಇಳಿಯುವ ಸ್ಪರ್ಧಿಗಳು ಬೇಕೆಂದೇ ಮೂತಿ ಮೇಲೆತ್ತಿಸುತ್ತಾರೆ. ಇಳಿಜಾರಿನಲ್ಲಿ ಇಡೀ ಸೈಕಲ್ಲೇ ಮುಂದಕ್ಕೆ ವಾಲುವುದರಿಂದ ಅಲ್ಲಿ ಸೀಟು ತಾನಾಗಿ ಮಟ್ಟಕ್ಕೆ ಬರುತ್ತದೆ.

● ಮೂತಿಯೇ ಇಲ್ಲದ ಸೀಟೂ ಉಂಟು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ತಜ್ಞರು ಸೈಕಲ್‌ನಲ್ಲಿ ಗಸ್ತು ತಿರುಗುವ ಪೊಲೀಸರಿಗೆ ಅಂಥ ಸೀಟು ಕೊಟ್ಟು ಆರು ತಿಂಗಳು ಓಡಿಸಿದರು. ಸವಾರಿಯಲ್ಲಿ ಜೋಮೇ ಹಿಡಿಯಲಿಲ್ಲ ಎಂದವರ ಪ್ರಮಾಣ ಶೇ 27ರಿಂದ 82ಕ್ಕೆ ಏರಿತು. 2008ರಲ್ಲಿ ಇದು ಪ್ರಕಟವಾಯಿತು. ಇಷ್ಟಾದರೂ ಅಂಗಡಿಗಳಲ್ಲಿ ಮೂತಿಯ ಸೀಟೇ ರಾಜ, ನೋಟ ನೋವಿಗಿಂತ ದೊಡ್ಡದು ನೋಡಿ.

● ಟೂರ್ ಡಿ ಫ್ರಾನ್ಸ್ ಅನ್ನು ಐದು ಬಾರಿ ಗೆದ್ದ ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1969ರಲ್ಲಿ ಫ್ರಾನ್ಸಿನ ಬ್ಲ್ವಾ ಟ್ರ್ಯಾಕಿನಲ್ಲಿ ಬಿದ್ದು ಗಾಯಗೊಂಡರು. ಆಮೇಲೆ ಅವರಿಗೆ ಯಾವ ಸೀಟಿನ ಮೇಲೂ ನೆಮ್ಮದಿಯಿಲ್ಲ. ರೇಸಿನ ನಡುವೆಯೇ ಸೀಟು ಏರಿಸುವುದು, ಇಳಿಸುವುದು ಅವರಿಗೆ ಚಟದಂತೆ ಅಂಟಿಕೊಂಡಿತು.

● ಓರೆ ಅಳೆಯಲು ಗಾರೆ ಕೆಲಸದವರ ರಸಮಟ್ಟ ಸಾಕು, ಇಲ್ಲವೆಂದರೆ ಮೊಬೈಲ್. ಸೀಟಿನ ಉಬ್ಬುತಗ್ಗು ದಾರಿ ತಪ್ಪಿಸದಿರಲು ಮೊದಲು ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಉದ್ದಕ್ಕೆ ಮಲಗಿಸಿ. ನೆಲದ ಮೇಲೆ ನಂಬಿಕೆಯಿಲ್ಲವೇ? ಸೈಕಲ್ಲನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿ ಮತ್ತೆ ಅಳೆಯಿರಿ, ಎರಡರ ಸರಾಸರಿಯೇ ನಿಜವಾದ ಓರೆ. ಮಟ್ಟದಿಂದ ಶುರುಮಾಡಿ, ಒಂದು ಸಲಕ್ಕೆ ಒಂದೇ ಡಿಗ್ರಿ ಬದಲಿಸಿ, ನಾಲ್ಕಾರು ದಿನ ಓಡಿಸಿ ನೋಡಿ. ಓರೆ ಬದಲಾದರೆ ಕೂರುವ ಎತ್ತರವೂ ಕೊಂಚ ಬದಲಾಗುತ್ತದೆ, ಅದನ್ನೂ ಮತ್ತೆ ಸರಿಮಾಡಿಕೊಳ್ಳಬೇಕು.

● ಬಿಗಿದು ಕಟ್ಟಿದ ಚರ್ಮದ ಸೀಟಿಗೆ ಲೆಕ್ಕ ಬೇರೆ. ಅದರ ನಡುಭಾಗ ಜೋತುಬೀಳುವುದರಿಂದ ಮೂತಿ ತುಸು ಮೇಲಿದ್ದರೇ ಸರಿ.

● ಹಳೆಯ ದೊಡ್ಡ ಸೈಕಲ್‌ಗಳ ಸೀಟಿನಡಿಯ ಕ್ಲ್ಯಾಂಪಿಗೆ ಹಲ್ಲುಗಳಿರುತ್ತವೆ. ಹಾಗಾಗಿ ಸೀಟು ಒಂದೊಂದು ಹಲ್ಲಿನ ಲೆಕ್ಕದಲ್ಲೇ ಬಾಗೀತು, ಬೇಕೆಂದಷ್ಟು ಬಾಗದು. ನಟ್ಟು ಎಷ್ಟು ಬಿಗಿದರೂ ಕೂತ ಕೂಡಲೇ ಮೂತಿ ಮೇಲೇಳುತ್ತಿದ್ದರೆ ಆ ಹಲ್ಲು ಸವೆದಿರಬಹುದು. ಸೀಟು ಬದಲಿಸಬೇಕಿಲ್ಲ, ಕ್ಲ್ಯಾಂಪ್ ಬದಲಿಸಿದರೆ ಆಯಿತು.