ವಿದ್ಯುತ್ತಿನ ಮನೆಲೆಕ್ಕ

ಅಕ್ಕಿಬೇಳೆಗಳ ಲೆಕ್ಕವನ್ನಿಡದ ಸಂಸಾರವಿಲ್ಲ. ಕಣ್ಣಿಗೆ ಕಾಣದೆ ಮನೆಯೊಳಗೆ ಹರಿಯುವ ವಿದ್ಯುತ್ತಿನ ಲೆಕ್ಕವನ್ನಿಡುವವರು ವಿರಳ. ಮೊನ್ನೆ ನಮ್ಮ ಮನೆಯಲ್ಲಿ ಒಂದೇ ಸಣ್ಣ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆಯನ್ನೂ ನೀರು ಕಾಯಿಸುವ ಕೆಟಲನ್ನೂ ಜೋಡಿಸಿದುದರಿಂದ ತಂತಿಯ ಹೊದಿಕೆಯು ಕರಗಿ, ಸುಟ್ಟ ವಾಸನೆ ಹಬ್ಬಿತು. ದೈವಕೃಪೆಯಿಂದ ಅನಾಹುತವು ತಪ್ಪಿತು. ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನಾವೇ ಒಂದು ಸುಲಭಗಣಿತವನ್ನು ಮರೆತಿದ್ದೆವು.

ವೋಲ್ಟುಗಳನ್ನು ಆಂಪೇರುಗಳಿಂದ ಭಾಗಿಸಿದರೆ ಉಪಕರಣದ ರೋಧವು ಓಮುಗಳಲ್ಲಿ ದೊರೆಯುವುದು. ಇದು ಜರ್ಮನಿಯ ಗಿಯೋರ್ಗ್ ಓಮ್ ಎಂಬ ಉಪಾಧ್ಯಾಯನು 1827ರಲ್ಲಿ ಪ್ರಕಟಿಸಿದ ನಿಯಮದ ಫಲ. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯವು ವ್ಯಾಟುಗಳಲ್ಲಿ ದೊರೆಯುವುದು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು. ಇಸ್ತ್ರಿಪೆಟ್ಟಿಗೆಯು 5 ಆಂಪೇರು ಎಳೆದರೆ ಅದರ ರೋಧ 46 ಓಮು. ಸಾಮರ್ಥ್ಯ 1150 ವ್ಯಾಟು. ಎಡೆಬಿಡದೆ ಒಂದು ಗಂಟೆ ಕಾದರೆ 1.15 ಯೂನಿಟು ವ್ಯಯವಾಗುವುದು.

ಕೆಟಲೂ ಅಷ್ಟನ್ನೇ ಎಳೆದರೆ ಒಟ್ಟು 10 ಆಂಪೇರಾಯಿತು. ಸಣ್ಣ ಸಾಕೆಟ್ಟು ತಾಳುವುದು 6 ಮಾತ್ರ. ಅದೂ ಅಲ್ಲದೆ, ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ತಾಪವು ಇಮ್ಮಡಿಯಲ್ಲ, ನಾಲ್ಮಡಿ! ಒಂದೊಂದಾಗಿ ನಿರಪಾಯವಾದ ವಸ್ತುಗಳು ಕೂಡಿದಾಗ ಅಪಾಯಕರವಾದುದು ಹೀಗೆ.

ಆದುದರಿಂದ ವಾಚಕರು ಉಪಕರಣಗಳ ಮೇಲೆ ಅಚ್ಚಾಗಿರುವ ವ್ಯಾಟುಗಳನ್ನು ಕೂಡಿಸಿ 230ರಿಂದ ಭಾಗಿಸಿ ನೋಡಲಿ. ಲಬ್ಧವು 6ನ್ನು ಮೀರಿದರೆ ಅವನ್ನು ಒಂದೇ ಸಣ್ಣ ಸಾಕೆಟ್ಟಿಗೆ ಜೋಡಿಸಕೂಡದು. ನಮ್ಮ ಮನೆಯಲ್ಲಂತೂ ಈಗ ಇಸ್ತ್ರಿಯು ಮುಗಿದ ಮೇಲೆಯೇ ಕಾಫಿಗೆ ನೀರು ಕಾಯುವುದು.