ಸೆಕೆಂಡಿಗೆ ಹನ್ನೆರಡು ಚಿತ್ರ: ಅಜ್ಜಿಯ ರಂಗೋಲಿಯನ್ನು ಪರದೆಗೆ ತರುತ್ತಿರುವ ಮಂಜಲ್‌ಪುರದ ಹುಡುಗಿ

ಮಂಜಲ್‌ಪುರ (ವಡೋದರಾ): ತುಲಸೀಧಾಮ್ ಚಾರ್ ರಸ್ತಾದಿಂದ ಸ್ವಲ್ಪ ಒಳಗಿರುವ ಸೊಸೈಟಿಯೊಂದರ ಎರಡನೇ ಮಹಡಿಯ ಮನೆಯಲ್ಲಿ ರಾತ್ರಿ ಊಟದ ತಟ್ಟೆಗಳು ಎದ್ದ ಕೂಡಲೇ ಅದೇ ಮೇಜಿನ ಮೇಲೆ ಒಂದು ಗಾಜಿನ ಪೆಟ್ಟಿಗೆ ಬಂದು ಕೂರುತ್ತದೆ. ಒಳಗಿನ ಎಲ್‌ಇಡಿ ಪಟ್ಟಿ ಹೊತ್ತಿಕೊಂಡರೆ ಮೇಲಿಟ್ಟ ಹಾಳೆಯ ಕೆಳಗಿನ ಹಾಳೆಯೂ ಕಾಣುತ್ತದೆ. ನಮ್ಮ ಸಂಘದ ಸದಸ್ಯರೊಬ್ಬರ ಮಗಳು, ಬಿ.ಕಾಂ. ಓದುತ್ತಿರುವ ಹುಡುಗಿ, ಆ ಬೆಳಕಿನ ಮೇಲೆ ಪೆನ್ಸಿಲ್ ಹಿಡಿದು ಹನ್ನೊಂದರ ತನಕ ಕೂರುತ್ತಾಳೆ. ಕೈಯಿಂದ ಬಿಡಿಸುವ ಅನಿಮೇಷನ್ ಕಲಿಯಲು ಅವಳು ಹಿಡಿದು ಒಂದು ವರ್ಷದ ಮೇಲಾಯಿತು. ಈ ಲೇಖನ ಬರೆಯುತ್ತೇನೆಂದಾಗ ಅವಳು ಹಾಕಿದ ಷರತ್ತು ಒಂದೇ: "ಫಿಲ್ಮ್ ಮುಗಿಯೋ ತನಕ ಪೇಪರ್‌ನಾಗ ನನ್ನ ಹೆಸರು ಹಾಕಬ್ಯಾಡ್ರಿ ಕಾಕಾ." ಹಾಗಾಗಿ ಹೆಸರು ಬಿಟ್ಟಿದ್ದೇನೆ.

ಎಲ್ಲವೂ ಶುರುವಾದದ್ದು 2025ರ ಜನವರಿಯಲ್ಲಿ. ಜಪಾನಿನ ಯುಗೋ ಸಾಕೋ ಅವರ ಕನಸಾಗಿ, ಭಾರತ ಮತ್ತು ಜಪಾನಿನ ಕಲಾವಿದರು ಕೂಡಿ ಕೈಯಿಂದ ಬಿಡಿಸಿದ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಎಂಬ ತೊಂಬತ್ತರ ದಶಕದ ಚಿತ್ರ ಆ ತಿಂಗಳು ದೇಶದ ಚಿತ್ರಮಂದಿರಗಳಿಗೆ ಮತ್ತೆ ಬಂತು. ಮನೆಮಂದಿಯೆಲ್ಲ ಹೋಗಿ ನೋಡಿದರು. ಇದನ್ನೆಲ್ಲ ಮನುಷ್ಯರು ಒಂದೊಂದಾಗಿ ಬಿಡಿಸಿದ್ದು ಎಂದು ತಿಳಿದಾಗ ಹುಡುಗಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಜೊತೆಗೆ ಹೋಗಿದ್ದ ಅಜ್ಜಿ ಮಾತ್ರ ಬೆರಗಾಗಲಿಲ್ಲ. ಅವರು ಕೊಪ್ಪಳ ಕಡೆಯವರು. "ನಮ್ಮೂರಾಗ ಕಿಳ್ಳಿಕ್ಯಾತರು ಪರದೆ ಹಿಂದ ದೀಪ ಹಚ್ಚಿ ತೊಗಲುಗೊಂಬಿ ಕುಣಸತಿದ್ರು. ಇದೂ ಅದ ಅಲ್ಲೇನು?" ಎಂದರಂತೆ. ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದೂ ಅದೇ ತಿಂಗಳಿನಲ್ಲಿ ಎಂಬುದು ಇಲ್ಲಿ ಉಲ್ಲೇಖನೀಯ.

ಕಲಿಕೆಯ ಮೊದಲ ಪಾಠ ಒಂದು ಚೆಂಡು. ಸಿನಿಮಾ ಪರದೆಯಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಹುಡುಗಿ ಪುಟಿಯುವ ಚೆಂಡನ್ನು 12 ಹಾಳೆಯಲ್ಲಿ ಸಮ ಸಮ ಅಂತರಕ್ಕೆ ಬಿಡಿಸಿ ಮೊಬೈಲಿನಲ್ಲಿ ಫೋಟೊ ತೆಗೆದು ಓಡಿಸಿದಳು. ಚೆಂಡು ಪುಟಿಯಲಿಲ್ಲ, ಲಿಫ್ಟಿನ ಹಾಗೆ ಹತ್ತಿ ಇಳಿಯಿತು. ನಿಜವಾದ ಚೆಂಡು ಮೇಲೆ ಹೋದಂತೆ ನಿಧಾನವಾಗುತ್ತದೆ, ಕೆಳಗೆ ಬರುವಾಗ ವೇಗ ಪಡೆಯುತ್ತದೆ. ಅಂದರೆ ಮೇಲ್ತುದಿಯಲ್ಲಿ ಚಿತ್ರಗಳು ಒತ್ತೊತ್ತಾಗಿ, ನೆಲದ ಹತ್ತಿರ ದೂರ ದೂರವಾಗಿ ಇರಬೇಕು. ಇಷ್ಟು ಅರ್ಥವಾಗಿ ಚೆಂಡು ಚೆಂಡಿನಂತೆ ಪುಟಿಯಲು ಎರಡು ವಾರ ಹಿಡಿಯಿತು. ನಂತರ ಗಡಿಯಾರದ ಲೋಲಕ, ಆಮೇಲೆ ನಡೆಯುವ ಮನುಷ್ಯ. ನಡಿಗೆಯಲ್ಲಿ ತಲೆ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಹೆಜ್ಜೆಗೊಮ್ಮೆ ತಗ್ಗಿ ಏಳುತ್ತದೆ ಎಂಬುದನ್ನು ಅವಳು ಸೊಸೈಟಿಯ ಕಾಂಪೌಂಡಿನಲ್ಲಿ ವಾಕಿಂಗ್ ಮಾಡುವ ಹಿರಿಯರನ್ನು ನೋಡಿ ಕಲಿತಳಂತೆ. ನನ್ನನ್ನೂ ನೋಡಿದ್ದಾಳೆಂದು ಈಚೆಗೆ ತಿಳಿಯಿತು.

ಇಷ್ಟರಲ್ಲಿ ಮನೆಯಲ್ಲಿ ಬಿಸಿ ಏರಿತು. ಸೆಮಿಸ್ಟರ್ ಫಲಿತಾಂಶ ಬಂದಾಗ ಅಕೌಂಟ್ಸ್ ಪೇಪರಿನಲ್ಲಿ ಎಟಿಕೆಟಿ. ತಂದೆ ಮಕರ್‌ಪುರ ಜಿಐಡಿಸಿಯ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿ ಸೇರಿ ಫೋರ್‌ಮನ್ ಆದವರು. ಮಗಳು ಸಿಎ ಆಗಲಿ ಎಂಬುದು ಅವರ ಆಸೆ. ಗಾಜಿನ ಪೆಟ್ಟಿಗೆ ಅಟ್ಟ ಸೇರಿತು. "ಕಂಪ್ಯೂಟರ್‌ನಾಗ ಒಂದು ಗುಂಡಿ ಒತ್ತಿದ್ರ ಆಗೋ ಕೆಲಸಕ್ಕ ಇಷ್ಟು ಹಾಳಿ ಸುಡಬೇಕಾ?" ಎಂದು ಅವರು ನನ್ನ ಹತ್ತಿರವೇ ಬಂದು ಕೇಳಿದರು. ಅವರ ಚಿಂತೆ ಸುಳ್ಳಲ್ಲ. ಪರವೂರಿನಲ್ಲಿ ಬಾಡಿಗೆ ಕಟ್ಟಿ, ಮನೆ ಮಾಡಿ, ಮಕ್ಕಳಿಗೆ ಒಂದು ಭದ್ರ ದಾರಿ ತೋರಿಸಬೇಕೆಂದು ಇಪ್ಪತ್ತೈದು ವರ್ಷ ದುಡಿದವರು ಅವರು. ಬ್ಯಾಂಕಿನ ಗುಮಾಸ್ತನಾದ ನಾನೂ ಅಂದು "ಮೊದಲು ಪರೀಕ್ಷೆ ಮುಗಿಸಲಿ ಬಿಡ್ರಿ" ಎಂದೇ ಹೇಳಿದೆ. ಹುಡುಗಿ ಎದುರು ಮಾತಾಡಲಿಲ್ಲ. ಎರಡು ತಿಂಗಳು ಓದಿ ಆ ಪೇಪರ್ ಪಾಸು ಮಾಡಿ, ಅಂಕಪಟ್ಟಿಯನ್ನು ತಂದೆಯ ಮುಂದಿಟ್ಟು, ಸ್ಟೂಲ್ ಹಾಕಿಕೊಂಡು ಪೆಟ್ಟಿಗೆಯನ್ನು ತಾನೇ ಇಳಿಸಿದಳು.

ಅವಳಿಗೆ ಅವಸರವಿತ್ತು. ಅಜ್ಜಿ ಈ ಮನೆಗೆ ಬಂದಾಗಿನಿಂದ ಬೆಳಿಗ್ಗೆ ಎದ್ದು ಬಾಗಿಲಲ್ಲಿ ಚುಕ್ಕಿ ರಂಗೋಲಿ ಹಾಕುತ್ತಿದ್ದರು. ಪಕ್ಕದ ಮನೆಯ ಗುಜರಾತಿ ಹೆಂಗಸರೂ ಅವರಿಂದ ಕಲಿತಿದ್ದರು. ಎರಡು ವರ್ಷದಿಂದ ಕೈ ನಡುಗಲು ಶುರುವಾಗಿ, ಪುಡಿ ಚೆಲ್ಲಿ ಗೆರೆ ಒಡೆಯುತ್ತದೆಂದು ನಾಚಿ ನಿಲ್ಲಿಸಿಬಿಟ್ಟರು. ಬಾಗಿಲಲ್ಲಿ ಈಗ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಸ್ಟಿಕರ್ ಇದೆ. ಅಜ್ಜಿಯ ಕೈ ಪೂರ್ತಿ ಮರೆಯುವ ಮೊದಲು ಆ ರಂಗೋಲಿಯನ್ನು ಚಿತ್ರವಾಗಿ ಉಳಿಸಬೇಕೆಂಬುದು ಮೊಮ್ಮಗಳ ಹಟ. ಅಡುಗೆಮನೆಯ ನೆಲದ ಮೇಲೆ, ಯಾರೂ ಇಲ್ಲದಾಗ, ಅಜ್ಜಿಯಿಂದ ಹಾಕಿಸಿ ನೋಡಿಕೊಂಡಳು. ಫಿಲ್ಮ್ 40 ಸೆಕೆಂಡಿನದು. ಕೈ ಬರುತ್ತದೆ, ಚುಕ್ಕಿ ಇಡುತ್ತದೆ, ಬಳ್ಳಿ ಸುತ್ತುತ್ತದೆ. ಗೆರೆ ಶುರುವಾದ ಕಡೆಗೇ ಬಂದು ಕೂಡಿದಾಗ ಮುಗಿಯುತ್ತದೆ. ಲೆಕ್ಕಕ್ಕೆ 480 ಚಿತ್ರ, ಹೆಚ್ಚುಕಡಿಮೆ ಒಂದು ರೀಮ್ ಕಾಗದ.

ಮೊದಲ ಐದು ಸೆಕೆಂಡಿನ 60 ಚಿತ್ರ ಓಡಿಸಿದಾಗ ಮೂರು ದೋಷ ಕಂಡವು. ಒಂದು, ಚಿತ್ರ ಮಿಣಮಿಣ ಮಿನುಗುತ್ತಿತ್ತು. ಹಗಲಿನಲ್ಲಿ ಕಿಟಕಿಯ ಬೆಳಕು ಹಾಳೆಗೊಮ್ಮೆ ಬದಲಾಗಿದ್ದೇ ಕಾರಣ; ರಾತ್ರಿ ಪರದೆ ಎಳೆದು ಫೋಟೊ ತೆಗೆದಾಗ ಸರಿಹೋಯಿತು. ಎರಡು, ಇಡೀ ಚಿತ್ರ ಅತ್ತಿತ್ತ ಅಲುಗುತ್ತಿತ್ತು. ಆಫೀಸಿನ ಪಂಚಿಂಗ್ ಮಶೀನಿನಲ್ಲಿ ತೂತು ಮಾಡಿ, ಎರಡು ಮೊಳೆಗೆ ಸಿಕ್ಕಿಸಿ ಹಾಳೆ ಕೂರಿಸುತ್ತಿದ್ದಳು. ಮೂಲೆಯಲ್ಲಿ ಕೂತು ನೋಡದವರಂತೆ ನೋಡುತ್ತಿದ್ದ ತಂದೆ ಅಂದು ಎದ್ದು ಬಂದರಂತೆ. "ತೂತಿನಾಗ ಪ್ಲೇ ಐತಿ" ಎಂದಷ್ಟೇ ಹೇಳಿದರು. ಮರುವಾರ ಲೇಥಿನಲ್ಲಿ ಕಡೆದ ಹಿತ್ತಾಳೆಯ ಮೂರು ಗೂಟ, ಅದಕ್ಕೆ ಸರಿಯಾಗಿ ಕೂರುವ ಪಂಚು ಮನೆಗೆ ಬಂದವು. ಹಾಳೆ ಅಲುಗುವುದು ನಿಂತಿತು.

ಮೂರನೆಯದು ಹೋಗಲೇ ಇಲ್ಲ. ಪ್ರತಿ ಹಾಳೆಯಲ್ಲೂ ಗೆರೆಯನ್ನು ಹೊಸದಾಗಿ ಎಳೆಯಬೇಕು. ಎಷ್ಟೇ ಜಾಗ್ರತೆ ಮಾಡಿದರೂ ಎರಡು ಗೆರೆ ಕೂದಲೆಳೆಯಷ್ಟು ಬೇರೆಯಾಗುತ್ತವೆ. ಓಡಿಸಿದಾಗ ನಿಂತ ಗೆರೆಯೂ ಸಣ್ಣಗೆ ನಡುಗುತ್ತದೆ. ಕಂಪ್ಯೂಟರಿನಲ್ಲಿ ಒಂದೇ ಗೆರೆಯನ್ನು ನಕಲು ಮಾಡಿದರೆ ಈ ತೊಂದರೆ ಇಲ್ಲ. 60 ಚಿತ್ರವನ್ನೂ ಹರಿದು ಹಾಕಲು ಅವಳು ಕೂತಿದ್ದಾಗ ಅಜ್ಜಿ ಮೊಬೈಲ್ ಕೇಳಿ ನೋಡಿದರು. ಮತ್ತೊಮ್ಮೆ ನೋಡಿದರು. "ಖರೇನ ನನ್ನ ಕೈ ಇದ. ಹೆಂಗ ನಡಗತೈತಿ ನೋಡು. ಆದ್ರೂ ಚುಕ್ಕಿ ತಪ್ಪಿಲ್ಲಲ್ಲ" ಎಂದರು. ಆಮೇಲೆ ನನಗೂ ತೋರಿಸಿ, "ನೋಡು ಯಪ್ಪಾ, ಹುಡುಗಿ ನಡುಕನೂ ಬಿಟ್ಟಿಲ್ಲ" ಎಂದು ನಕ್ಕರು. ಮೊಮ್ಮಗಳು ಆ ದೋಷವನ್ನು ತಿದ್ದುವುದಿಲ್ಲವೆಂದು ತೀರ್ಮಾನಿಸಿದ್ದಾಳೆ. ಲೆಡ್ಜರನ್ನು ಕೈಯಲ್ಲಿ ಬರೆದ ಕಾಲದ ನಮಗೆ ಇದು ಅರ್ಥವಾಗುತ್ತದೆ. ಪುಟ ತೆಗೆದೊಡನೆ ಇದು ಯಾರ ಅಕ್ಷರ ಎಂದು ಹೇಳುತ್ತಿದ್ದೆವು.

ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದೂ ಹೀಗೆ ಕೈಯಿಂದ ಕೈಗೆ. 1956ರಲ್ಲಿ ಡಿಸ್ನಿ ಸಂಸ್ಥೆಯ ಅನುಭವಿ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಜನ್‌ಗೆ ಬಂದು ನಮ್ಮ ಕಲಾವಿದರಿಗೆ ಪಾಠ ಹೇಳಿದರು. ಆಗ ಶಿಷ್ಯರಾಗಿ ಸೇರಿದ ರಾಮ್ ಮೋಹನ್ ರಸಾಯನಶಾಸ್ತ್ರದ ಪದವೀಧರರು, ಮುಂದಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದವರು. ಅವರೇ ಮುಂದೆ ಯುನಿಸೆಫ್‌ನ 'ಮೀನಾ' ಎಂಬ ಹುಡುಗಿಯನ್ನು ರೂಪಿಸಿದರು, ಮೇಲೆ ಹೇಳಿದ ರಾಮಾಯಣ ಚಿತ್ರದ ನಿರ್ದೇಶನದಲ್ಲಿ ಪಾಲುದಾರರಾದರು. 2014ರಲ್ಲಿ ಪದ್ಮಶ್ರೀ ಪಡೆದ ಅವರು 2019ರಲ್ಲಿ ತೀರಿಕೊಂಡರು.

ನಮ್ಮ ಬರೋಡೆಗೂ ಇದರಲ್ಲಿ ಪಾಲಿದೆ. ಇಲ್ಲಿಯ ಎಂ.ಎಸ್. ವಿಶ್ವವಿದ್ಯಾಲಯದ ಫೈನ್ ಆರ್ಟ್ಸ್ ಫ್ಯಾಕಲ್ಟಿಯಲ್ಲಿ ಚಿತ್ರಕಲೆ ಓದಿದ ನೀನಾ ಸಬ್ನಾನಿ ಅಹಮದಾಬಾದಿನ ಎನ್‌ಐಡಿಗೆ ಹೋಗಿ ಅನಿಮೇಷನ್ ಕಲಿತು, ಅಲ್ಲೇ ಅಧ್ಯಾಪಕಿಯಾದರು. ವರದಕ್ಷಿಣೆಯ ಬಗ್ಗೆ 1984ರಲ್ಲಿ ಮಾಡಿದ 'ಶುಭ್ ವಿವಾಹ್' ಮಧುಬನಿ ಶೈಲಿಯದು. 2009ರ 'ಟಾಂಕೋ ಬೋಲೆ ಛೇ' ಚಿತ್ರದಲ್ಲಿ ಕಚ್ಛದ ಹೆಂಗಸರ ಹೊಲಿಗೆಯೇ ಚಲಿಸಿ ಅವರ ಕಥೆ ಹೇಳುತ್ತದೆ. ಮನೆಯ ಹೆಂಗಸರ ಕೈಕೆಲಸ ಸಿನಿಮಾ ಆಗಬಲ್ಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪಾಲಕರಿಗೆ ಉಪಯೋಗವಾಗಲಿ ಎಂದು ಒಂದೆರಡು ಮಾತು. ಎನ್‌ಐಡಿ ಪ್ರವೇಶಕ್ಕೆ ಪ್ರಿಲಿಮ್ಸ್, ಮೇನ್ಸ್ ಎಂದು ಎರಡು ಹಂತದ ಪರೀಕ್ಷೆ. 12ನೇ ತರಗತಿಯ ನಂತರ ಬಿ.ಡೆಸ್., ಪದವಿ ಆದವರಿಗೆ ಎಂ.ಡೆಸ್. ಉಂಟು, ಮೊದಲು ಬೇರೆ ವಿಷಯ ಓದಿದ್ದಕ್ಕೆ ದಾರಿ ಮುಚ್ಚುವುದಿಲ್ಲ. ಶಿಕ್ಷಣ ಸಾಲದಲ್ಲಿ ಕ್ರೆಡಿಟ್ ಗ್ಯಾರಂಟಿ ಯೋಜನೆಯಡಿ 7.5 ಲಕ್ಷ ರೂ. ವರೆಗೆ ಮನೆ, ಹೊಲ ಅಡವಿಡಬೇಕಿಲ್ಲ. ನಮ್ಮ ಹುಡುಗಿ ಬಿ.ಕಾಂ. ಮುಗಿಸಿಯೇ ಪರೀಕ್ಷೆಗೆ ಕೂರುವುದೆಂದು ತಂದೆ ಮಗಳ ನಡುವೆ ಒಪ್ಪಂದವಾಗಿದೆ. ಆಯ್ಕೆ ಆಗದಿದ್ದರೆ? "ಆಗ ಮತ್ತ ಕುಂತು ಮಾತಾಡೋಣು" ಎನ್ನುತ್ತಾರೆ ತಂದೆ. ಮೊದಲಾಗಿದ್ದರೆ ಅವರು ಅಷ್ಟೂ ಹೇಳುತ್ತಿರಲಿಲ್ಲ.

ನಾನು ಕಳೆದ ಭಾನುವಾರ ಹೋದಾಗ 312 ಚಿತ್ರ, ಅಂದರೆ 26 ಸೆಕೆಂಡು ಮುಗಿದಿತ್ತು. ದಿನಕ್ಕೆ ಏಳೆಂಟು ಚಿತ್ರದ ಲೆಕ್ಕದಲ್ಲಿ ಇನ್ನು 168 ಬಾಕಿ. ಸಂಘದ ಸಭೆಯಲ್ಲಿ ಹುಡುಗಿ ಸಿಕ್ಕಾಗ "ಇನ್ನೂ ಮುಗೀಲಿಲ್ಲೇನವ್ವ?" ಎಂದು ಕೇಳುವವರೇ ಹೆಚ್ಚು. ದಯವಿಟ್ಟು ಹಾಗೆ ಕೇಳಬೇಡಿ, ಎಷ್ಟನೇ ಚಿತ್ರಕ್ಕೆ ಬಂದೆ ಎಂದು ಕೇಳಿ, ಅವಳು ಖುಷಿಯಿಂದ ನಂಬರ್ ಹೇಳುತ್ತಾಳೆ. ಮುಗಿದ ದಿನ ಸಂಘದ ಸಭೆಯಲ್ಲಿ ಎಲ್ಲರಿಗೂ ತೋರಿಸುವುದಾಗಿ ಮಾತು ಕೊಟ್ಟಿದ್ದಾಳೆ. ಮುಂದಿನ ಸಾಲಿನ ಒಂದು ಕುರ್ಚಿ ಅಜ್ಜಿಗೆ ಎಂದು ಕಾರ್ಯದರ್ಶಿಯವರಿಗೆ ನಾನು ಈಗಲೇ ಹೇಳಿಟ್ಟಿದ್ದೇನೆ.