ಬಿಜಾಪುರ ಎಂಬ ಹೆಸರು ಎಲ್ಲಿ ಹೋಯಿತು?

ಶಿರೂರಿನಲ್ಲಿ 1997ಕ್ಕಿಂತ ಮೊದಲು ಹುಟ್ಟಿದವರ ಹಳೆಯ ದಾಖಲೆಗಳನ್ನು ತೆಗೆದು ನೋಡಿದರೆ ಜಿಲ್ಲೆ ಬಿಜಾಪುರ ಎಂದಿರುತ್ತದೆ. 1997ರ ಆಗಸ್ಟ್ 15ರಂದು ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2014ರ ನವೆಂಬರ್ 1ರಿಂದ ಬಿಜಾಪುರವೇ ವಿಜಯಪುರವಾಯಿತು. ಹೀಗಾಗಿ ನಮ್ಮಲ್ಲಿ ಬಹಳ ಮಂದಿಯ ತಂದೆ-ತಾಯಿಯರ ಕಾಗದಪತ್ರಗಳಲ್ಲಿರುವ ಜಿಲ್ಲೆಯ ಹೆಸರು ಇಂದು ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅರ್ಜಿ ತುಂಬಲು ಕುಳಿತಾಗ ಮಕ್ಕಳಿಗೆ ಗೊಂದಲವಾಗುವುದು ಸಹಜ.

2014ರಲ್ಲಿ ರಾಜ್ಯದ 12 ಊರುಗಳ ಹೆಸರು ಬದಲಾಯಿತು ಎನ್ನುತ್ತೇವೆ. ನಿಜ ಹೇಳಬೇಕೆಂದರೆ, ಹೆಚ್ಚಿನವುಗಳಲ್ಲಿ ಬದಲಾದದ್ದು ಇಂಗ್ಲಿಷ್ ಕಾಗುಣಿತ ಮಾತ್ರ. ಹುಬ್ಬಳ್ಳಿ ಕನ್ನಡದಲ್ಲಿ ಮೊದಲೂ ಹುಬ್ಬಳ್ಳಿಯೇ. ಬ್ರಿಟಿಷರ ಕಿವಿಗೆ ಅದು 'ಹುಬ್ಲಿ' ಎಂದು ಬಿದ್ದಿತ್ತು, ಅಷ್ಟೆ. ಬೆಂಗಳೂರು 'ಬ್ಯಾಂಗಲೋರ್' ಆದದ್ದೂ, ಬಳ್ಳಾರಿ 'ಬೆಲ್ಲಾರಿ' ಆದದ್ದೂ ಹಾಗೆಯೇ. ಆದರೆ ಬಿಜಾಪುರ ಮತ್ತು ಗುಲ್ಬರ್ಗಾ ಈ ಸಾಲಿಗೆ ಸೇರುವುದಿಲ್ಲ. ಇವೆರಡರ ವಿಷಯದಲ್ಲಿ ಕನ್ನಡ ಫಲಕಗಳನ್ನೂ ಬದಲಿಸಬೇಕಾಯಿತು.

ವಿಜಯಪುರ ಎಂದರೆ ಗೆಲುವಿನ ಊರು. ಕಲ್ಯಾಣ ಚಾಲುಕ್ಯರ ಕಾಲದ ಹೆಸರು ಅದು. ಬಿಜಾಪುರ ಅದಕ್ಕೆ ಎದುರಾಗಿ ಹುಟ್ಟಿದ ಬೇರೆ ಹೆಸರೇನಲ್ಲ. ಅದೇ ಹೆಸರು ಬೇರೆ ನಾಲಿಗೆಯಲ್ಲಿ ಸವೆದ ರೂಪ. 'ವ' ಅಕ್ಷರ 'ಬ' ಆಗುವುದು ನಮ್ಮಲ್ಲಿ ಹಳೆಯ ರೂಢಿ. ವರ್ಣ ಬಣ್ಣವಾಯಿತು, ವನ ಬನವಾಯಿತು, ವೃಷಭ ಬಸವನಾಯಿತು. ದೂರ ಹೋಗುವುದೇ ಬೇಡ, ನಮ್ಮದೇ ಜಿಲ್ಲೆಯ ವಾತಾಪಿ ಬಾದಾಮಿಯಾಯಿತು! 1490ರಿಂದ 1686ರವರೆಗೆ ಆಳಿದ ಆದಿಲ್ ಶಾಹಿಗಳ ಕಾಲದ ಫಾರಸಿ ಬರಹಗಳಲ್ಲಿ, ಜನರ ದಖನಿ ಮಾತಿನಲ್ಲಿ ಬಿಜಾಪುರವೇ ನಿಂತಿತು. ಇಂಗ್ಲಿಷರು ಅದನ್ನೇ ಎತ್ತಿಕೊಂಡರು. ಮರಾಠಿಯವರು ಮಾತ್ರ ಇಂದಿಗೂ 'ವಿಜಾಪುರ' ಎನ್ನುತ್ತಾರೆ. ನಮ್ಮ ಹಳ್ಳಿಯ ಹಿರಿಯರ ಬಾಯಲ್ಲಿ 'ಇಜಾಪುರ' ಎಂಬುದೂ ಕೇಳಿಬರುತ್ತದೆ. ಆದ್ದರಿಂದ ಬಿಜಾಪುರವನ್ನು ಪರಕೀಯರ ತಪ್ಪು ಉಚ್ಚಾರ ಎಂದು ತಳ್ಳಿಹಾಕುವುದು ಸರಿಯಲ್ಲ ಎಂದು ನನಗನಿಸುತ್ತದೆ.

ಇಂಥದ್ದೇ ಕಥೆ ದಕ್ಷಿಣ ಕೊರಿಯಾದಲ್ಲಿಯೂ ಇದೆ. ಅಲ್ಲಿಯ ದೊಡ್ಡ ಬಂದರು ನಗರವನ್ನು ಹಳೆಯ ಭೂಪಟಗಳು 'ಪುಸಾನ್' ಎನ್ನುತ್ತವೆ, ಹೊಸವು 'ಬುಸಾನ್' ಎನ್ನುತ್ತವೆ. ಅರ್ಥ ಹಂಡೆಯ ಬೆಟ್ಟ. ಕೊರಿಯನ್ ಲಿಪಿಯಲ್ಲಿ ಆ ಹೆಸರು ಒಂದು ಗೆರೆಯೂ ಬದಲಾಗಿಲ್ಲ. ಅದರ ಮೊದಲ ಧ್ವನಿ ನಮ್ಮ 'ಪ' ಮತ್ತು 'ಬ'ಗಳ ನಡುವೆ ಎಲ್ಲೋ ಇದೆ. 1937ರಲ್ಲಿ ರೂಪುಗೊಂಡ ಮೆಕ್ಯೂನ್-ರೈಶಾವರ್ ಪದ್ಧತಿ ಅದಕ್ಕೆ 'ಪಿ' ಅಕ್ಷರ ಕೊಟ್ಟಿತು. 2000ದಲ್ಲಿ ಅಲ್ಲಿಯ ಸರ್ಕಾರ ತಂದ ಹೊಸ ಪದ್ಧತಿ 'ಬಿ' ಕೊಟ್ಟಿತು. ಕನ್ನಡದಲ್ಲಿ 'ಪ'ಗೂ 'ಬ'ಗೂ ಬೇರೆ ಬೇರೆ ಅಕ್ಷರವಿರುವ ನಮಗೆ ಇದು ಸ್ವಲ್ಪ ವಿಚಿತ್ರವೇ.

ಸರ್ಕಾರ ಹೆಸರು ಬದಲಿಸಿದ ಕೂಡಲೇ ಹಳೆಯದು ಅಳಿಸಿಹೋಗುವುದಿಲ್ಲ. 1996ರಲ್ಲಿ ಆರಂಭವಾದ ಅಲ್ಲಿಯ ಚಲನಚಿತ್ರೋತ್ಸವ ಬುಸಾನ್ ಎಂಬ ಹೆಸರಿಗೆ ಬಂದದ್ದು 2011ರಲ್ಲಿ. ಅಲ್ಲಿಯ ರಾಷ್ಟ್ರೀಯ ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಈಗಲೂ ಪುಸಾನ್. ವಿಮಾನ ನಿಲ್ದಾಣದ ಸಂಕೇತ ಪಿ.ಯು.ಎಸ್. ನಮ್ಮಲ್ಲಿಯೂ ಹಾಗೆಯೇ: ಊರು ಕಲಬುರಗಿ, ವಿಶ್ವವಿದ್ಯಾಲಯ ಗುಲ್ಬರ್ಗಾ, ಊರು ಮುಂಬೈ, ಹೈಕೋರ್ಟು ಬಾಂಬೆ. ಹುಬ್ಬಳ್ಳಿ ರೈಲು ನಿಲ್ದಾಣದ ಸಂಕೇತ ಯು.ಬಿ.ಎಲ್. ಇತಿಹಾಸದ ಪಾಠದಲ್ಲಿ ಬಿಜಾಪುರದ ಸುಲ್ತಾನರು ಎಂದೇ ಓದುತ್ತೇವೆ. ನಮ್ಮ ಬಾಗಲಕೋಟೆ 2014ರ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಇಂಗ್ಲಿಷಿನಲ್ಲಿ ಕೊನೆಗೆ 'ಇ' ಹಾಕಿಯೂ ಬರೆಯುತ್ತಾರೆ, ಹಾಕದೆಯೂ ಬರೆಯುತ್ತಾರೆ.

ಹಾಗಾದರೆ ಅರ್ಜಿಯಲ್ಲಿ ಏನು ಬರೆಯಬೇಕು? ಈಗಿನ ವಿಳಾಸಕ್ಕೆ ಈಗಿನ ಹೆಸರು. ಹಳೆಯ ಪ್ರಮಾಣಪತ್ರದ ವಿವರ ಕೇಳಿದಲ್ಲಿ ಅದರಲ್ಲಿ ಇದ್ದದ್ದನ್ನು ಇದ್ದಂತೆಯೇ ನಕಲು ಮಾಡಿ. ಬಿಜಾಪುರ ಎಂದಿರುವುದನ್ನು ಪೆನ್ನಿನಿಂದ ತಿದ್ದಿ ವಿಜಯಪುರ ಮಾಡಲು ಹೋಗಬೇಡಿ. ತಿದ್ದಿದ ಮೂಲ ಪತ್ರವನ್ನು ಯಾರೂ ನಂಬುವುದಿಲ್ಲ. ರಾಜ್ಯ, ತಾಲ್ಲೂಕು ಬಿಡಬೇಡಿ. ಛತ್ತೀಸಗಡದಲ್ಲಿ ಬಿಜಾಪುರ ಎಂಬ ಜಿಲ್ಲೆ ಇದೆ, ದೇವನಹಳ್ಳಿಯ ಬಳಿ ವಿಜಯಪುರ ಎಂಬ ಪಟ್ಟಣವಿದೆ. ಇನ್ನು ಶಿರೂರು ಅಂಕೋಲಾದಲ್ಲಿದೆ, ಬೈಂದೂರಿನ ಬಳಿ ಇದೆ, ಪುಣೆ ಜಿಲ್ಲೆಯಲ್ಲಿಯೂ ಇದೆ.

ಊರಿನ ಹೆಸರಿಗಿಂತ ಹೆಚ್ಚಾಗಿ ತೊಂದರೆ ಕೊಡುವುದು ನಮ್ಮದೇ ಹೆಸರು. ಮೊಹಮ್ಮದ್, ಶೇಖ್, ಸೈಯದ್ ಇವುಗಳನ್ನು ಇಂಗ್ಲಿಷಿನಲ್ಲಿ ನಾಲ್ಕಾರು ಬಗೆಯಲ್ಲಿ ಬರೆಯುತ್ತಾರೆ. ಎಲ್ಲವೂ ಸರಿಯೇ, ಪುಸಾನ್ ಬುಸಾನ್ ಇದ್ದಂತೆ. ಆದರೆ ಗಣಕಯಂತ್ರಕ್ಕೆ ಅವು ಬೇರೆ ಬೇರೆ ಮನುಷ್ಯರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಈ ವಾರವೇ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಪರೀಕ್ಷಾ ಅರ್ಜಿ ತುಂಬುವ ಮೊದಲೇ ಕಚೇರಿಗೆ ತಿಳಿಸಿ.